ಫ್ಯಾಂಟಸಿ ಆಟದ ಹೆಣ್ಣು ಪಾತ್ರಗಳಿಗೆ ಜಡೆಯೋ ತುರುಬೋ? ಕ್ಯಾಮೆರಾ ಇರುವುದು ಬೆನ್ನ ಹಿಂದೆ

ಮಧೂರು_ಮೊಗ್ಗು

ಎಲ್ಲರಿಗೂ ನಮಸ್ಕಾರ. ನಾವು ಕೆಲವರು ಸೇರಿ ಒಂದು ಸಣ್ಣ ಫ್ಯಾಂಟಸಿ ಆಟ ಮಾಡುತ್ತಿದ್ದೇವೆ. ನಾಡು ಕಲ್ಪನೆಯದ್ದು, ಆದರೆ ಮಣ್ಣು ನಮ್ಮ ಕಾಸರಗೋಡಿನದ್ದೇ. ಬೇಕಲದಂಥ ಒಂದು ಕಡಲ ಕೋಟೆ ಇದೆ. ಮುರಕಲ್ಲಿನ ಗುಡ್ಡ ಇದೆ. ಗುಡ್ಡದೊಳಗೆ ನೀರಿಗಾಗಿ ಕೊರೆದ ಸುರಂಗಗಳಿವೆ, ಕೆಳಗೆ ಅಡಿಕೆ ತೋಟ. ಮುಖ್ಯ ಪಾತ್ರಗಳು ಮೂವರು ಹೆಂಗಸರು: ಸುರಂಗ ಕೊರೆಯುವವಳು, ಕೋಟೆ ಕಾಯುವವಳು, ನಾಟಿ ಮದ್ದು ಕೊಡುವ ಅಜ್ಜಿ.

ಬಟ್ಟೆ, ಮುಖ, ಆಯುಧ ಎಲ್ಲ ಒಂದು ಹಂತಕ್ಕೆ ಬಂದಿದೆ. ಕೂದಲು ಮಾತ್ರ ಬಾಕಿ. ಸಿದ್ಧವಾಗಿ ಸಿಗುವ ಕೂದಲ ಪ್ಯಾಕ್‌ಗಳನ್ನು ನೋಡಿದೆ. ಬಿಚ್ಚುಗೂದಲು ಬೇಕಾದಷ್ಟಿದೆ. ಜಡೆ ಇದ್ದರೂ ಅದು ಬುಡದಿಂದ ತುದಿಯವರೆಗೆ ಒಂದೇ ದಪ್ಪ, ತೆಂಗಿನ ನಾರಿನ ಹಗ್ಗ ತಂದು ಅಂಟಿಸಿದ ಹಾಗೆ. ತುರುಬು ಎಂದರೆ ತಲೆಯ ಮೇಲೆ ಒಂದು ಉಂಡೆ, ಅಷ್ಟೇ. ಕೂದಲು ಎಲ್ಲಿಂದ ಬಂತು, ಹೇಗೆ ಸುತ್ತಿತು, ಯಾವುದು ಅದನ್ನು ಹಿಡಿದು ನಿಲ್ಲಿಸಿದೆ ಎನ್ನುವುದು ಕಾಣುವುದೇ ಇಲ್ಲ.

ನನಗೆ ಇದು ಸಣ್ಣ ವಿಷಯ ಅಲ್ಲ. ನಮ್ಮದು ಬೆನ್ನ ಹಿಂದೆ ಕ್ಯಾಮೆರಾ ಇರುವ ಆಟ. ಆಡುವವರು ಅವಳ ಮುಖ ನೋಡುವುದು ಮಾತುಕತೆಯ ದೃಶ್ಯದಲ್ಲಿ ಮಾತ್ರ. ಉಳಿದ ಅಷ್ಟೂ ಹೊತ್ತು ನೋಡುವುದು ಹಿಂದಲೆಯನ್ನೇ. ಇನ್ನು ನಮ್ಮಲ್ಲಿ ಜಡೆ, ತುರುಬು, ಹೂವು ಎಲ್ಲ ಇರುವುದೂ ಹಿಂದಿನಿಂದ ನೋಡುವುದಕ್ಕೇ ಅಲ್ವಾ? ಮೊಗ್ಗಿನ ಜಡೆ ಹಾಕಿಕೊಂಡ ಮದುಮಗಳನ್ನು ಫೋಟೋದವರು ತಿರುಗಿ ನಿಲ್ಲಿಸುವುದು ಅದಕ್ಕೇ. ಹೀಗಿರುವಾಗ ಹಿಂದಲೆಯನ್ನು ಖಾಲಿ ಬಿಡುವುದು ನನಗೆ ಸರಿ ಕಾಣುವುದಿಲ್ಲ.

ಕೇಳುವುದು ಇಷ್ಟು. ಮೂವರಿಗೂ ಏನೇನು ಒಪ್ಪುತ್ತದೆ? ಮೊಬೈಲ್‌ನಲ್ಲೂ ಓಡಬೇಕಾದ್ದರಿಂದ ತೂಕ ಕಮ್ಮಿ ಇರುವ ಹಾಗೆ ಮಾಡುವುದು ಹೇಗೆ?

ಪೆರ್ಲ_ಪ್ಲೇಯರ್

ಅಕ್ಕ, ಒಬ್ಬ ಆಟಗಾರನಾಗಿ ಹೇಳುತ್ತೇನೆ. ಬಿಚ್ಚುಗೂದಲು ಗಾಳಿಗೆ ಹಾರುವಾಗ ಸಿಗುವ ಖುಷಿಯೇ ಬೇರೆ. ಕೋಟೆಯ ಮೇಲೆ ನಿಂತಾಗ ಕಡಲ ಗಾಳಿ ಬರುತ್ತದೆ. ಅಲ್ಲಿ ತುರುಬು ಕಟ್ಟಿ ನಿಲ್ಲಿಸಿದರೆ ಏನೂ ಅಲ್ಲಾಡುವುದಿಲ್ಲ. ಕಾವಲುಗಾರ್ತಿಗಾದರೂ ಬಿಟ್ಟ ಕೂದಲು ಕೊಡಿ.

ಚಂದ್ರಗಿರಿ_ತೀರ

ನಾನು ಮಾಡೆಲಿಂಗ್ ಕೆಲಸದಲ್ಲಿರುವವನು. ಮೊದಲು ಹಳೆಯ ಒಂದು ಉದಾಹರಣೆ. 1996ರ ಮೊದಲ ಟೂಂಬ್ ರೈಡರ್ ಆಟದಲ್ಲಿ ನಾಯಕಿ ಲಾರಾ ಕ್ರಾಫ್ಟ್‌ಗೆ ಜಡೆ ಇರಬೇಕೆಂದೇ ಯೋಚಿಸಿದ್ದರು. ಆಗಿನ ಯಂತ್ರಗಳಲ್ಲಿ ಅದನ್ನು ಆಟದೊಳಗೆ ಅಲ್ಲಾಡಿಸುವುದು ಕಷ್ಟವಾಯಿತು. ಹಾಗಾಗಿ ಆಡುವಾಗ ಅವಳಿಗೆ ತುರುಬು ಕಟ್ಟಿದರು. 1997ರ ಎರಡನೇ ಆಟದಲ್ಲಿ ಬೆನ್ನ ಮೇಲೆ ಅಲ್ಲಾಡುವ ಜಡೆ ಬಂತು. 2013ರ ಆಟದಲ್ಲಿ ಎಎಂಡಿ ಕಂಪನಿಯವರ ಟ್ರೆಸ್‌ಎಫ್‌ಎಕ್ಸ್ ಎಂಬ ಕೂದಲಿನ ತಂತ್ರ ಬಂದು ಕೂದಲಿನ ಎಳೆಗಳೇ ಬೇರೆಬೇರೆಯಾಗಿ ಅಲ್ಲಾಡಿದವು. ತುರುಬಿನಿಂದ ಜಡೆಗೆ, ಜಡೆಯಿಂದ ಬಿಡಿ ಎಳೆಗೆ. ಖರ್ಚು ಏರುವುದೂ ಇದೇ ಕ್ರಮದಲ್ಲಿ.

ಪೆರ್ಲದವರೇ, ನೀವು ಕೇಳುವ ಹಾರುವ ಕೂದಲೇ ಎಲ್ಲಕ್ಕಿಂತ ದುಬಾರಿ. ಮನುಷ್ಯನ ತಲೆಯಲ್ಲಿ ಸುಮಾರು 1 ಲಕ್ಷ ಕೂದಲು. ಅಷ್ಟನ್ನು ಮೊಬೈಲ್‌ನಲ್ಲಿ ತೋರಿಸಲು ಆಗದು. ಅದಕ್ಕೇ ಕೂದಲಿನ ಚಿತ್ರ ಇರುವ ತೆಳು ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸುತ್ತಾರೆ. ಪಟ್ಟಿಯ ಅಂಚು ಪಾರದರ್ಶಕ. ಪಾರದರ್ಶಕ ಪದರ ಹೆಚ್ಚಿದಷ್ಟೂ ಅದೇ ಜಾಗವನ್ನು ಮತ್ತೆ ಮತ್ತೆ ಬಿಡಿಸಬೇಕು, ಫೋನ್ ಬಿಸಿಯಾಗುತ್ತದೆ. ಯಾವ ಪಟ್ಟಿ ಮುಂದೆ, ಯಾವುದು ಹಿಂದೆ ಎಂದು ಗೊಂದಲವಾಗಿ ತಲೆಯಲ್ಲಿ ತೂತು ಕಂಡ ಹಾಗೆ ಆಗುವುದೂ ಇದೆ.

ಜಡೆಗೂ ತುರುಬಿಗೂ ಈ ತಾಪತ್ರಯ ಇಲ್ಲ. ಅವು ಗಟ್ಟಿ ವಸ್ತು. ಹಣೆಯ ಅಂಚಿಗೆ, ಕುತ್ತಿಗೆಯ ಸಣ್ಣ ಕೂದಲಿಗೆ ನಾಲ್ಕೈದು ಪಟ್ಟಿ ಇದ್ದರೆ ಸಾಕು.

ಇನ್ನು ಮಾಡುವ ಬಗೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಮೂರೆಳೆ ಜಡೆಗೆ ಒಂದು ಸುಲಭ ಲೆಕ್ಕ ಇದೆ. ಒಂದು ಎಳೆ ಅಡ್ಡಕ್ಕೆ ಸೈನ್ ಟಿ, ಹಿಂದೆ ಮುಂದೆ ಸೈನ್ 2ಟಿ, ಉದ್ದಕ್ಕೆ ಟಿ (ಟಿ ಎಂದರೆ ಜಡೆಯಲ್ಲಿ ಎಷ್ಟು ಕೆಳಗೆ ಬಂದೆವು ಎನ್ನುವ ಅಳತೆ). ಮೇಲಿನಿಂದ ನೋಡಿದರೆ ಎಂಟರ ಆಕಾರ. ಅದೇ ಎಳೆಯನ್ನು, ತಿರುಗಿಸದೆ, ಸೈನ್ ಒಳಗಿನ ಟಿಯನ್ನು ಮಾತ್ರ 0, 120, 240 ಡಿಗ್ರಿ ಸರಿಸಿ ಮೂರು ಸಲ ಇಟ್ಟರೆ ಒಂದರ ಮೇಲೊಂದು ಸರಿಯಾಗಿ ಹಾದು ಹೋಗುತ್ತವೆ. 2023ರಲ್ಲಿ ಬಂದ ಬ್ಲೆಂಡರ್ 3.5ರಿಂದ ಕೂದಲಿನ ಜೊತೆಗೆ ಜಡೆ ಹೆಣೆಯುವ ನೋಡ್ (ಸಿದ್ಧ ಉಪಕರಣ) ಕೂಡ ಸಿಗುತ್ತದೆ. ಆದರೆ ಆಟಕ್ಕೆ ಮೆಶ್, ಅಂದರೆ ಸಣ್ಣ ತ್ರಿಕೋನಗಳಿಂದ ಆದ ಮೈ ಬೇಕು. ಹಾಗಾಗಿ ನಾನು ಕರ್ವ್‌ನಲ್ಲೇ (ಬಾಗುವ ಗೆರೆಯಲ್ಲೇ) ಮಾಡಿ ಆಮೇಲೆ ಮೆಶ್‌ಗೆ ಬದಲಿಸುತ್ತೇನೆ.

ಪ್ರತಿ ಎಳೆಗೆ 8 ಬದಿ, ಉದ್ದಕ್ಕೆ 40 ತುಂಡು ಇಟ್ಟರೆ ಮೂರು ಎಳೆಗೆ 1,920 ತ್ರಿಕೋನ. ಹತ್ತಿರದ ದೃಶ್ಯಕ್ಕೆ ಇದು ಚೆನ್ನ. ದೂರಕ್ಕೆ ಒಂದೇ ಕೊಳವೆ ಸಾಕು. 8 ಬದಿ, 12 ತುಂಡು, ಒಟ್ಟು 192 ತ್ರಿಕೋನ. ಹೆಣಿಗೆಯ ಉಬ್ಬು ತಗ್ಗನ್ನು ನಾರ್ಮಲ್ ಮ್ಯಾಪ್‌ನಲ್ಲಿ, ಅಂದರೆ ಉಬ್ಬು ತಗ್ಗಿನ ಭ್ರಮೆ ಕೊಡುವ ಚಿತ್ರದಲ್ಲಿ, ತುಂಬಿಸಿ. ಮೊಬೈಲ್ ಪರದೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ.

ಮುಳ್ಳೇರಿಯ_ಮಳೆ

ನನಗೆ ಮೆಶ್ ಗಿಶ್ ಗೊತ್ತಿಲ್ಲ. ಆದರೆ ಮೂರು ಹೆಣ್ಣುಮಕ್ಕಳಿಗೆ ಶಾಲೆಗೆ ಹೋಗುವಾಗ ಎರಡು ಜಡೆ ಹಾಕಿ, ಮಡಚಿ, ರಿಬ್ಬನ್ ಕಟ್ಟಿ ಕಳುಹಿಸಿದವಳು. ಮಧೂರಿನ ತಂಗಿಗೆ ಕೆಲವು ಮಾತು ಹೇಳಬೇಕು.

ಜಡೆ ಕೆಳಗೆ ಹೋದ ಹಾಗೆ ತೆಳ್ಳಗಾಗುತ್ತದೆ. ಎಲ್ಲ ಕೂದಲೂ ಒಂದೇ ಉದ್ದ ಬೆಳೆಯುವುದಿಲ್ಲ ನೋಡು. ತುದಿಯವರೆಗೆ ದಪ್ಪ ಬೇಕೆಂದರೆ ಚೌರಿ, ಅಂದರೆ ಕಟ್ಟುವ ಕೂದಲು, ಸೇರಿಸಬೇಕು. ಮದುವೆಗೆ, ನೃತ್ಯಕ್ಕೆ ಚೌರಿ ಹಾಕುತ್ತಾರೆ, ತೋಟದ ಕೆಲಸಕ್ಕೆ ಯಾರೂ ಹಾಕುವುದಿಲ್ಲ. ಹಾಗಾಗಿ ನಿನ್ನ ಆಟದಲ್ಲಿ ಕೆಲಸದ ಹೆಂಗಸಿನ ಜಡೆ ತುದಿಗೆ ಬೆರಳಿನಷ್ಟು ಸಣ್ಣ ಆಗಲಿ. ಕೋಟೆಯಲ್ಲಿ ಹಬ್ಬ ಇದ್ದರೆ ಆ ದಿನ ಚೌರಿ, ಕುಚ್ಚು, ಜಡೆಬಿಲ್ಲೆ ಎಲ್ಲ ಬರಲಿ. ನೋಡಿದ ಕೂಡಲೇ ಇವತ್ತು ಏನೋ ವಿಶೇಷ ಎಂದು ತಿಳಿಯುತ್ತದೆ.

ಇನ್ನೊಂದು. ಜಡೆ ಶುರುವಾಗುವ ಜಾಗ. ನೆತ್ತಿಯ ಹತ್ತಿರ ಶುರು ಮಾಡಿದರೆ ಎಳೆದು ತಲೆನೋವು ಬರುತ್ತದೆ. ದಿನವೂ ಹಾಕುವ ಜಡೆ ಕುತ್ತಿಗೆಯ ಮೇಲೆ ಶುರು. ಎಣ್ಣೆ ಹಾಕಿ ಬಾಚಿ ಬಿಗಿಯಾಗಿ ಹೆಣೆದರೆ ಸಂಜೆಯವರೆಗೂ ನಿಲ್ಲುತ್ತದೆ. ಎಣ್ಣೆ ಇಲ್ಲದ ತಲೆಯಲ್ಲಿ ಮಧ್ಯಾಹ್ನದೊಳಗೆ ಕಿವಿಯ ಹತ್ತಿರ ಕೂದಲು ಎದ್ದು ನಿಲ್ಲುತ್ತದೆ. ಅದನ್ನೂ ತೋರಿಸಬಹುದಲ್ಲಾ?

ಮತ್ತೆ ಆ ಬಿಚ್ಚುಗೂದಲು. ನಮ್ಮ ಊರಲ್ಲಿ ಹೆಂಗಸು ಕೂದಲು ಬಿಟ್ಟು ಅಂಗಳಕ್ಕೆ ಬಂದರೆ ತಲೆಗೆ ಸ್ನಾನ ಆಗಿದೆ ಎಂದು, ಇಲ್ಲವೇ ಮನೆಯಲ್ಲಿ ಏನೋ ಆಗಿದೆ ಎಂದು ಹಿರಿಯರು ತಿಳಿಯುತ್ತಿದ್ದರು. ಕಾರಣ ಇಲ್ಲದೆ ಬಿಡುತ್ತಿರಲಿಲ್ಲ.

ಚೌಕಿ_ಮನೆ

ಮುಳ್ಳೇರಿಯದ ಅಕ್ಕ ಹೇಳಿದ ಕೊನೆಯ ಮಾತು ತುಂಬ ಮುಖ್ಯ. ನಾನು ಯಕ್ಷಗಾನದ ಚೌಕಿಯಲ್ಲಿ (ಬಣ್ಣದ ಮನೆಯಲ್ಲಿ) ವೇಷ ಕಟ್ಟುವವರ ಜೊತೆ ಇದ್ದು ನೋಡಿದವನು. ನಮ್ಮದು ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡು. ಇಲ್ಲಿಯ ಯಕ್ಷಗಾನದ ಆಟ ನೋಡಿ ಬೆಳೆದವರಿಗೆ ಬಿಚ್ಚಿದ ಮುಡಿ ಎಂದರೆ ಮೊದಲು ನೆನಪಾಗುವುದು ದ್ರೌಪದಿ. ಸಭೆಯಲ್ಲಿ ಮುಡಿ ಹಿಡಿದು ಎಳೆದ ಮೇಲೆ ಅವಳು ಅದನ್ನು ಕಟ್ಟುವುದಿಲ್ಲ. ದುಶ್ಶಾಸನ ಬಿದ್ದ ಮೇಲೆಯೇ ಕಟ್ಟುತ್ತಾಳೆ. ಒಂದು ಯುದ್ಧದ ಕಥೆ ಪೂರ್ತಿ ಒಬ್ಬಳ ತಲೆಗೂದಲಲ್ಲಿ ಕಾಣುತ್ತದೆ!

ಪೆರ್ಲದ ತಮ್ಮನಿಗೂ ಇದರಲ್ಲಿ ಉತ್ತರ ಇದೆ. ಕಾವಲುಗಾರ್ತಿಗೆ ಬಿಚ್ಚುಗೂದಲು ಕೊಡಿ, ಆದರೆ ಮೊದಲಿನಿಂದ ಅಲ್ಲ. ಆಟದ ಅರ್ಧದವರೆಗೆ ಬಿಗಿಯಾದ ಜಡೆ ಇರಲಿ. ಕೋಟೆ ಕೈತಪ್ಪಿದ ರಾತ್ರಿ ಅದು ಬಿಚ್ಚಲಿ. ಆಗ ಗಾಳಿಗೆ ಹಾರಿದರೆ ಆಡುವವರ ಎದೆ ಝಲ್ಲೆನ್ನುತ್ತದೆ. ಮೊದಲ ದೃಶ್ಯದಿಂದಲೂ ಹಾರುತ್ತಿದ್ದರೆ ಅದಕ್ಕೆ ಅರ್ಥ ಎಲ್ಲಿಂದ ಬರಬೇಕು?

ಅಲ್ಲಾಡುವ ಜಡೆ ನೋಡಬೇಕಿದ್ದರೆ ಸ್ತ್ರೀವೇಷದವರನ್ನು ಹಿಂದಿನಿಂದ ನೋಡಿ. ಮೈ ತಿರುಗಿದ ಮೇಲೆ ಜಡೆ ತಿರುಗುತ್ತದೆ. ಮೈ ನಿಂತ ಮೇಲೂ ಜಡೆ ಒಂದು ಸಲ ಮುಂದಕ್ಕೆ ಹೋಗಿ ಬರುತ್ತದೆ. ತುದಿಗೆ ಕುಚ್ಚು ಕಟ್ಟಿದ ಜಡೆ ನೇರ ಇಳಿದು ನಿಧಾನ ತೂಗುತ್ತದೆ. ಕುಚ್ಚಿಲ್ಲದ ಜಡೆ ಹಗುರ, ಬೇಗ ಬೇಗ ಅಲ್ಲಾಡುತ್ತದೆ. ಅನಿಮೇಷನ್ ಮಾಡುವವರು ಈ ವ್ಯತ್ಯಾಸ ಹಿಡಿದರೆ ಸಾಕು, ಜಡೆಗೆ ಜೀವ ಬರುತ್ತದೆ.

ಉಪ್ಪಳ_ರೈಲು

ಸುರಂಗದವಳ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಅಜ್ಜನ ಜಾಗದಲ್ಲಿ ಒಂದು ಸುರಂಗ ಈಗಲೂ ನೀರು ಕೊಡುತ್ತಿದೆ. ಸಾಮಾನ್ಯವಾಗಿ ಸುರಂಗದ ಎತ್ತರ 1.8ರಿಂದ 2 ಮೀಟರ್. ಅಗಲ ಅರ್ಧ ಮೀಟರ್‌ನಿಂದ ಮುಕ್ಕಾಲು ಮೀಟರ್‌ನ ಒಳಗೆ. ಒಬ್ಬರು ಹೋಗುವಷ್ಟೇ ಜಾಗ. ಮುರಕಲ್ಲಿನ ಗೋಡೆ ಒರಟು, ಎಲ್ಲೆಂದರಲ್ಲಿ ಚೂಪು. ಮೇಲಿನಿಂದ ನೀರು ತೊಟ್ಟಿಕ್ಕುತ್ತದೆ. ಅಂಥ ಕಡೆ ಉದ್ದ ಜಡೆ ಬಿಟ್ಟು ಪಿಕ್ಕಾಸು ಬೀಸಲು ಆಗುತ್ತದಾ? ಗೋಡೆಗೆ ಸಿಕ್ಕಿಕೊಳ್ಳುತ್ತದೆ, ಕೆಸರು ಮೆತ್ತಿಕೊಳ್ಳುತ್ತದೆ. ಗಾಳಿ ಇದೆಯೇ ಎಂದು ನೋಡಲು ದೀಪ ಬೇರೆ ಇಟ್ಟುಕೊಂಡಿರುತ್ತಾರೆ. ಬಗ್ಗಿದಾಗ ಜಡೆ ದೀಪಕ್ಕೆ ಬಿದ್ದರೆ ಕಥೆ ಅಲ್ಲಿಗೇ ಮುಗಿಯಿತು.

ಅವಳಿಗೆ ತುರುಬೇ ಆಗಬೇಕು. ಅದೂ ನೆತ್ತಿಯ ಮೇಲೆ ಬೇಡ, ಮಾಡಿಗೆ ತಾಗುತ್ತದೆ. ಕುತ್ತಿಗೆಯ ಹತ್ತಿರ ತಗ್ಗಿಸಿ ಕಟ್ಟಿದ ಗಟ್ಟಿ ತುರುಬು. ತಲೆಗೆ ಮುಟ್ಟಾಳೆ, ಅಂದರೆ ಅಡಿಕೆ ಹಾಳೆಯ ಟೊಪ್ಪಿ.

ಚಂದ್ರಗಿರಿ_ತೀರ

ಮುಟ್ಟಾಳೆ! ಇದು ತುಂಬ ಒಳ್ಳೆಯದು. ಟೊಪ್ಪಿ, ಶಿರಸ್ತ್ರಾಣ ಹಾಕಿದ ಕೂಡಲೇ ಕೂದಲು ಅದರೊಳಗಿಂದ ತೂರಿ ಹೊರಗೆ ಬರುವುದು ಆಟಗಳಲ್ಲಿ ಹಳೆಯ ತೊಂದರೆ. ಎಷ್ಟೋ ಆಟಗಳಲ್ಲಿ ಟೊಪ್ಪಿ ಹಾಕಿದರೆ ಕೂದಲನ್ನೇ ಮಾಯ ಮಾಡುತ್ತಾರೆ. ಹೆಂಗಸು ಟೊಪ್ಪಿ ತೆಗೆದಾಗ ಮಾತ್ರ ಎಲ್ಲಿಂದಲೋ ಕೂದಲು ಬರುತ್ತದೆ.

ತಗ್ಗಿನ ತುರುಬಾದರೆ ಆ ಗೋಳಿಲ್ಲ. ಮುಟ್ಟಾಳೆ ನೆತ್ತಿಯನ್ನು ಮುಚ್ಚುತ್ತದೆ, ತುರುಬು ಅದರ ಅಂಚಿನ ಕೆಳಗೆ ಹೊರಗೇ ಇರುತ್ತದೆ. ಕೂದಲನ್ನು ಎರಡು ತುಂಡು ಮಾಡಿ. ನೆತ್ತಿಯ ಭಾಗ ಒಂದು ಮೆಶ್, ತುರುಬು ಇನ್ನೊಂದು. ಮುಟ್ಟಾಳೆ ಹಾಕಿದಾಗ ನೆತ್ತಿಯ ಭಾಗ ಮಾತ್ರ ಅಡಗಿಸಿ. ತುರುಬನ್ನು ತಲೆಯ ಬೋನ್‌ಗೆ (ಪಾತ್ರವನ್ನು ಅಲ್ಲಾಡಿಸುವ ಒಳಗಿನ ಎಲುಬಿಗೆ) ಕಟ್ಟಿಬಿಟ್ಟರೆ ಮುಗಿಯಿತು. ಅಲ್ಲಾಡಿಸುವ ಫಿಸಿಕ್ಸ್ ಬೇಡ, ತೂರಿ ಹೋಗದಂತೆ ತಡೆಯುವ ಕೊಲಿಷನ್ ಬೇಡ.

ಆದರೆ ತುರುಬು ಉಂಡೆಯ ಹಾಗೆ ಆಗಬಾರದು ಎಂದು ಮಧೂರಿನವರು ಹೇಳಿದ್ದು ಸರಿ. ಒಂದು ದಪ್ಪ ಎಳೆಯನ್ನು ಸುರುಳಿ ಸುತ್ತಿ. ಪ್ರತಿ ಸುತ್ತಿನ ನಡುವೆ ಕಪ್ಪು ಗೆರೆ ಬೀಳಲಿ. ಕೊನೆಯ ತುದಿ ಒಳಗೆ ಸಿಕ್ಕಿಸಿದ್ದು ಕಾಣಲಿ. ಕತ್ತಿನ ಕೂದಲು ಕೆಳಗಿನಿಂದ ಮೇಲೆ ಎಳೆದಂತೆ ಟೆಕ್ಸ್ಚರ್ (ಮೈಗೆ ಅಂಟಿಸುವ ಚಿತ್ರ) ಹರಿಯಲಿ, ಹಣೆಯ ಕೂದಲು ಮುಂದಿನಿಂದ ಹಿಂದಕ್ಕೆ ಹರಿಯಲಿ. ಎಲ್ಲ ಗೆರೆಗಳೂ ತುರುಬಿನ ಬುಡದಲ್ಲಿ ಕೂಡಬೇಕು. ಹಾಗಾದರೆ ಮಾತ್ರ ಕೂದಲು ಎಲ್ಲಿಂದ ಬಂತು ಎಂದು ಕಣ್ಣಿಗೆ ತಿಳಿಯುವುದು.

ನೀರ್ಚಾಲು_ನೆರಳು

ತುರುಬಿನ ಜಾಗದ ಬಗ್ಗೆ ನನ್ನದೂ ಒಂದು ಮಾತು. ನಾವಿರುವುದು ಗಡಿಯಲ್ಲಿ. 1956ರಲ್ಲಿ ರಾಜ್ಯಗಳು ಬೇರೆಯಾದಾಗ ಕೇರಳಕ್ಕೆ ಸೇರಿದ ಕನ್ನಡದ ಮಂದಿ. ಇಲ್ಲಿ ಎರಡೂ ಕಡೆಯದ್ದು ಕಣ್ಣಿಗೆ ಬೀಳುತ್ತದೆ. ಮೋಹಿನಿಯಾಟ್ಟಂ ಮಾಡುವವರ ತುರುಬು ತಲೆಯ ಎಡಬದಿಗೆ, ಸುತ್ತ ಮಲ್ಲಿಗೆ. ಘಟ್ಟದ ಆಚೆ ಬೇಲೂರಿಗೆ ಹೋದರೆ 1117ರ ದೇವಸ್ಥಾನದ ಮದನಿಕೆಯರಿಗೆ ದೊಡ್ಡ ದೊಡ್ಡ ತುರುಬು, ಅದರ ಮೇಲೆ ಆಭರಣ. ನಮ್ಮ ಮನೆಯ ಅಜ್ಜಿಯರದ್ದು ಕುತ್ತಿಗೆಯ ಮೇಲೆ ಸಣ್ಣ ಗಂಟು.

ಆಟದ ನಾಡಿನಲ್ಲಿ ಮೂರು ಊರು ಇದ್ದರೆ ಮೂರು ಕಡೆ ತುರುಬಿನ ಜಾಗ ಬೇರೆ ಇಡಿ. ಎಡಬದಿ, ಹಿಂದೆ ಮೇಲೆ, ಹಿಂದೆ ಕೆಳಗೆ. ದೂರದಿಂದ ನೆರಳಿನಲ್ಲೇ ಯಾರು ಯಾವ ಊರಿನವರು ಎಂದು ತಿಳಿಯಬಹುದು. ಬಟ್ಟೆಯ ಬಣ್ಣ ಬದಲಿಸುವುದಕ್ಕಿಂತ ಇದು ಚೆಂದ.

ಒಂದು ಕೋರಿಕೆಯೂ ಇದೆ. ತೆಯ್ಯಂ, ಭೂತದ ಮುಡಿಯನ್ನು (ತಲೆಗೆ ಏರಿಸುವ ಕಿರೀಟವನ್ನು) ದಯವಿಟ್ಟು ಕೂದಲ ವಿನ್ಯಾಸದ ಪಟ್ಟಿಗೆ ಸೇರಿಸಬೇಡಿ. ಅದು ಅಲಂಕಾರ ಅಲ್ಲ. ಮುಡಿ ಏರಿದ ಮೇಲೆ ಅಲ್ಲಿ ನಿಂತದ್ದು ದೈವ ಎಂದು ನಂಬುವ ಜನ ನಾವು. ಅಂಗಡಿಯಲ್ಲಿ ನಾಣ್ಯ ಕೊಟ್ಟು ಕೊಳ್ಳುವ ಸಾಮಾನಿನ ಹಾಗೆ ಅದನ್ನು ತೋರಿಸಿದರೆ ನೋವಾಗುತ್ತದೆ.

ಮಧೂರು_ಮೊಗ್ಗು

ನೀರ್ಚಾಲಿನವರೇ, ಅದು ಖಂಡಿತ ಇರುವುದಿಲ್ಲ. ತಂಡದ ಎಲ್ಲರ ಅಭಿಪ್ರಾಯವೂ ಅದೇ.

ಊರಿಗೊಂದು ತುರುಬು ಎನ್ನುವುದು ತುಂಬ ಹಿಡಿಸಿತು. ಸುರಂಗದವಳಿಗೆ ತಗ್ಗಿನ ತುರುಬು, ಮುಟ್ಟಾಳೆ. ಇದು ಖಾಯಂ. ಕಾವಲುಗಾರ್ತಿಯ ಜಡೆ ನಡುವಿನಲ್ಲಿ ಬಿಚ್ಚುವುದನ್ನು ಕಥೆ ಬರೆಯುವವರಿಗೆ ಹೇಳಿದೆ, ಅವರು ಆ ಅಧ್ಯಾಯವನ್ನೇ ತಿದ್ದಿ ಬರೆಯುತ್ತಿದ್ದಾರೆ. ನನಗೂ ಓದಲು ಕಾಯುವುದಕ್ಕೆ ಆಗುತ್ತಿಲ್ಲ.

ಈಗ ನನ್ನ ತೊಂದರೆ ಬಣ್ಣದ್ದು. ಕಪ್ಪು ಕೂದಲಿಗೆ ಜಡೆ ಹೆಣೆದರೆ ಹೆಣಿಗೆಯೇ ಕಾಣುವುದಿಲ್ಲ. ಹೊರಗಿನ ಆಟಗಳ ಹುಡುಗಿಯರಿಗೆ ಕೆಂಚು, ಬೂದು, ಬಿಳಿ ಕೂದಲು. 2015ರ ವಿಚರ್ 3ರ ಸಿರಿಯ ಬೂದು ತುರುಬು, 2017ರ ಹೊರೈಜನ್‌ನ ಏಲಾಯ್‌ಳ ಕೆಂಪು ಜಡೆಗಳು. ಅವುಗಳಲ್ಲಿ ಒಂದೊಂದು ಎಳೆಯೂ ಎದ್ದು ಕಾಣುತ್ತದೆ. ನಮ್ಮವರಿಗೆ ಕಪ್ಪೇ ಬೇಕು. ಬಣ್ಣ ತಿಳಿ ಮಾಡು ಎಂದು ಕೆಲವರು ಹೇಳಿದರು, ನನಗೆ ಮನಸ್ಸಿಲ್ಲ.

ಚಂದ್ರಗಿರಿ_ತೀರ

ತಿಳಿ ಮಾಡಬೇಡಿ. ಕಪ್ಪು ಜಡೆ ಕಾಣುವುದು ಬಣ್ಣದಿಂದ ಅಲ್ಲ, ಹೊಳಪಿನಿಂದ.

ಮೊದಲನೆಯದಾಗಿ, ಪೂರ್ತಿ ಕಪ್ಪು ಇಡಬೇಡಿ. ತುಂಬ ಗಾಢವಾದ ಕಂದು ಇಡಿ, ಪರದೆಯಲ್ಲಿ ಅದು ಕಪ್ಪಾಗಿಯೇ ಕಾಣುತ್ತದೆ. ಆದರೆ ಬೆಳಕು ಬಿದ್ದಾಗ ಉತ್ತರ ಕೊಡುತ್ತದೆ. ಆಮೇಲೆ ಶೇಡರ್, ಅಂದರೆ ಬೆಳಕು ಬಿದ್ದಾಗ ಮೈ ಹೇಗೆ ಕಾಣಬೇಕೆಂಬ ಲೆಕ್ಕ. ಕೂದಲಿನ ಹೊಳಪು ಗೋಲಿಯ ಮೇಲಿನ ಚುಕ್ಕೆಯ ಥರ ಬೀಳುವುದಿಲ್ಲ. ಎಳೆ ಹೋಗುವ ದಿಕ್ಕಿಗೆ ಅಡ್ಡಲಾಗಿ ಪಟ್ಟೆಯಾಗಿ ಬೀಳುತ್ತದೆ. 1989ರಲ್ಲಿ ಕಾಜಿಯಾ ಮತ್ತು ಕೇ ಕೊಟ್ಟ ಲೆಕ್ಕ ಇದಕ್ಕೆ ಇಂದಿಗೂ ಸಾಕು, ಮೊಬೈಲ್‌ನಲ್ಲೂ ಓಡುತ್ತದೆ. ಮೂರು ಎಳೆಗೂ ಯುವಿಯನ್ನು (ಚಿತ್ರವನ್ನು ಮೆಶ್‌ಗೆ ಹೊಂದಿಸುವ ನಕ್ಷೆಯನ್ನು) ಆಯಾ ಎಳೆಯ ಉದ್ದಕ್ಕೇ ಬಿಡಿಸಿ. ಆಗ ಎಳೆ ಬಾಗಿದಲ್ಲೆಲ್ಲ ಹೊಳಪು ಮುರಿಯುತ್ತದೆ. ಪ್ರತಿ ಹೆಣಿಗೆಗೂ ಒಂದು ಸಣ್ಣ ಮಿಂಚು. ಜಡೆ ಪೂರ್ತಿ ಒಂದೇ ಯುವಿ ಇಟ್ಟರೆ ಈ ಆಟ ಸಿಗುವುದಿಲ್ಲ. ಒಂದೇ ಕೊಳವೆಯ ದೂರದ ಜಡೆಗೆ ನಾರ್ಮಲ್ ಮ್ಯಾಪ್ ಸಾಕು, ಅಷ್ಟು ದೂರದಿಂದ ಇದನ್ನು ಯಾರೂ ಹುಡುಕುವುದಿಲ್ಲ.

ಅಕ್ಕ ಎಣ್ಣೆಯ ಮಾತು ಹೇಳಿದರಲ್ಲ, ಅದೂ ಇಲ್ಲಿ ಉಪಯೋಗ. ಎಣ್ಣೆ ಹಾಕಿದ ತಲೆಗೆ ಒರಟುತನದ ಅಂಕಿ ಕಮ್ಮಿ ಮಾಡಿ, ಹೊಳಪು ಚೂಪಾಗುತ್ತದೆ. ಸ್ನಾನ ಮಾಡಿ ಒಣಗಿಸಿದ ತಲೆಗೆ ಜಾಸ್ತಿ ಮಾಡಿ. ಒಂದೇ ಟೆಕ್ಸ್ಚರ್‌ನಲ್ಲಿ ಎರಡು ದಿನದ ತಲೆ.

ಮುಳ್ಳೇರಿಯ_ಮಳೆ

ಕಪ್ಪು ಕಾಣುವುದಿಲ್ಲ ಎಂದರೆ ಹೂ ಮುಡಿಸಿ ಮಾರಾಯ್ರೆ. ಅದಕ್ಕೇ ಅಲ್ವಾ ನಾವು ಮುಡಿಯುವುದು.

ಬಾಳೆನಾರಿನಲ್ಲಿ ಕಟ್ಟಿದ ಮಲ್ಲಿಗೆ ತುರುಬಿನ ಸುತ್ತ ಅರ್ಧ ಚಂದ್ರ ಬರುವ ಹಾಗೆ. ಜಡೆಗಾದರೆ ಮೇಲೆ ಸಿಕ್ಕಿಸಿ ಎರಡು ಕಡೆ ಇಳಿಬಿಡುವುದು. ಅಬ್ಬಲಿಗೆ ಬೇರೆ ಬಣ್ಣ ಕೊಡುತ್ತದೆ, ಆದರೆ ಪರಿಮಳ ಇಲ್ಲ. ಬೆಳಿಗ್ಗೆ ಮುಡಿದ ಮಲ್ಲಿಗೆ ಸಂಜೆಗೆ ಬಾಡಿ ಹಳದಿ ತಿರುಗುತ್ತದೆ. ನಿನ್ನ ಆಟದಲ್ಲಿ ಹಗಲು ರಾತ್ರಿ ಇದ್ದರೆ ಗಡಿಯಾರವೇ ಬೇಡ.

ಪೆರ್ಲ_ಪ್ಲೇಯರ್

ಈಗ ಒಪ್ಪಿದೆ. ಕೋಟೆ ಬಿದ್ದ ರಾತ್ರಿ ಬಿಚ್ಚಿದ ಜಡೆ ಎಂದು ಓದುವಾಗಲೇ ಮೈ ಜುಮ್ಮೆಂದಿತು. ಹಾಗಾದರೆ ಬಾಡಿದ ಮಲ್ಲಿಗೆ ಆ ಕೂದಲಲ್ಲಿ ಸಿಕ್ಕಿಕೊಂಡೇ ಇರಲಿ ಅಕ್ಕ, ಪೂರ್ತಿ ತೆಗೆಯಬೇಡಿ.

ಒಂದು ಸಂಶಯ. ಜಡೆ ಇರುವಾಗ ಬೆನ್ನಿನ ಬತ್ತಳಿಕೆ, ಕತ್ತಿಯ ಒರೆ ಇವುಗಳ ಒಳಗೆ ಅದು ತೂರಿ ಹೋಗುವುದಿಲ್ವಾ? ಎಲ್ಲ ಆಟದಲ್ಲೂ ನನಗೆ ಕಣ್ಣು ಚುಚ್ಚುವುದು ಅದೇ.

ಚಂದ್ರಗಿರಿ_ತೀರ

ಹೋಗುತ್ತದೆ. ತಡೆಯಲು ದಾರಿ ಇದೆ. ಜಡೆಗೆ ಐದಾರು ಬೋನ್ ಸಾಕು. ಬುಡದ ಬೋನ್ ಬಿಗಿ ಇರಲಿ, ಕೆಳಗೆ ಹೋದಂತೆ ಸಡಿಲ. ಕುಚ್ಚು ಇದ್ದರೆ ಕೊನೆಯ ಬೋನ್‌ಗೆ ಕೆಳಗೆ ಎಳೆಯುವ ಬಲ ಜಾಸ್ತಿ ಕೊಡಿ. ಚೌಕಿಯವರು ಹೇಳಿದ ಆ ನಿಧಾನದ ತೂಗು ಆಗ ಬರುತ್ತದೆ. ಗೋಡೋ ಎಂಬ ಆಟ ಕಟ್ಟುವ ತಂತ್ರಾಂಶ ಬಳಸುವವರಿಗೆ 2025ರ 4.4ನೇ ಆವೃತ್ತಿಯಿಂದ ಸ್ಪ್ರಿಂಗ್ ಬೋನ್ ಸಿಮ್ಯುಲೇಟರ್ (ಬೋನ್‌ಗಳನ್ನು ಸ್ಪ್ರಿಂಗ್‌ನಂತೆ ತೂಗಿಸುವ ಉಪಕರಣ) ಒಳಗೇ ಬಂದಿದೆ. ಕುತ್ತಿಗೆ, ಎರಡು ಹೆಗಲು, ಬೆನ್ನು ಇಷ್ಟಕ್ಕೆ ಕ್ಯಾಪ್ಸೂಲ್ (ಕಾಣದ ಮಾತ್ರೆಯಾಕಾರದ ತಡೆ) ಇಟ್ಟರೆ ಜಡೆ ಮೈಯೊಳಗೆ ಹೋಗುವುದಿಲ್ಲ.

ಆದರೆ ಬತ್ತಳಿಕೆಗೆ ನನ್ನ ಸಲಹೆ ಬೇರೆ. ಜಡೆಯನ್ನು ಹೆಗಲ ಮೇಲಿನಿಂದ ಮುಂದೆ ತಂದುಬಿಡಿ, ಇಲ್ಲವೇ ಸುತ್ತಿ ತುರುಬು ಮಾಡಿ. ಭಾರ ಹೊರುವ ಹೆಂಗಸರು ನಿಜವಾಗಿ ಮಾಡುವುದೂ ಅದೇ. ಬೆನ್ನ ಮೇಲೆ ಬುಟ್ಟಿ ಇದ್ದಾಗ ಯಾರೂ ಜಡೆಯನ್ನು ಅದರಡಿ ಸಿಕ್ಕಿಸಿಕೊಳ್ಳುವುದಿಲ್ಲ.

ಚೌಕಿ_ಮನೆ

ಅಂದರೆ ಕಾವಲುಗಾರ್ತಿ ಪಹರೆಯಲ್ಲಿದ್ದಾಗ ಜಡೆ, ಬತ್ತಳಿಕೆ ಏರಿಸಿ ಯುದ್ಧಕ್ಕೆ ಹೊರಟಾಗ ಅದೇ ಜಡೆ ಸುತ್ತಿದ ತುರುಬು. ಎರಡು ಮೆಶ್, ನಡುವೆ ಕೈ ಹಿಂದೆ ಹೋಗಿ ಜಡೆ ಸುತ್ತುವ ಒಂದು ಸಣ್ಣ ಅನಿಮೇಷನ್. ಆ ಅನಿಮೇಷನ್‌ಗೆ ದಯವಿಟ್ಟು ಸಮಯ ಕೊಡಿ. ಹೆಂಗಸರು ಕೆಲಸಕ್ಕೆ ಇಳಿಯುವ ಮೊದಲು ಎರಡೂ ಕೈ ಹಿಂದೆ ತೆಗೆದುಕೊಂಡು, ಕಣ್ಣು ಬೇರೆಲ್ಲೋ ಇಟ್ಟು, ತುರುಬು ಕಟ್ಟಿ ಒಂದು ಸಲ ಗಟ್ಟಿ ಒತ್ತಿ ನೋಡುತ್ತಾರಲ್ಲ, ಅದು ಬರಲಿ. ಕತ್ತಿ ಹಿರಿಯುವುದಕ್ಕಿಂತ ಅದೇ ಖಡಕ್ ಕಾಣುತ್ತದೆ.

ಮಧೂರು_ಮೊಗ್ಗು

ಅದನ್ನು ಮಾಡಿಯೇ ಮಾಡುತ್ತೇನೆ. ಅತ್ತಿಗೆಯನ್ನು ಹಿಂದಿನಿಂದ ವಿಡಿಯೋ ಮಾಡಲು ಕೇಳಿದ್ದೇನೆ, ಒಪ್ಪಿದ್ದಾರೆ.

ಉಳಿದದ್ದು ಮದ್ದಿನ ಅಜ್ಜಿ. ಅವಳಿಗೆ ಕುತ್ತಿಗೆಯ ಗಂಟು ಎಂದುಕೊಂಡಿದ್ದೇನೆ. ಬರೇ ಬಿಳಿ ಬಣ್ಣ ಹಾಕಿದರೆ ಅಜ್ಜಿ ಆಗುವುದಿಲ್ಲ ಎನ್ನುವುದು ಗೊತ್ತು. ಮುಳ್ಳೇರಿಯದ ಅಕ್ಕ, ಬೇರೆ ಏನೇನು ಬೇಕು?

ಮುಳ್ಳೇರಿಯ_ಮಳೆ

ಬೈತಲೆ ಅಗಲ ಮಾಡು. ವಯಸ್ಸಾದಂತೆ ಅಲ್ಲಿ ಬುರುಡೆಯ ಚರ್ಮ ಕಾಣುತ್ತದೆ. ಹಣೆಯ ಎರಡು ಬದಿ ಕೂದಲು ಹಿಂದೆ ಸರಿಯಲಿ. ಗಂಟು ಲಿಂಬೆಹಣ್ಣಿನಷ್ಟು, ಅದಕ್ಕಿಂತ ದೊಡ್ಡದು ಬೇಡ. ಮುಂದೆ ಬೆಳ್ಳಗೆ, ಗಂಟಿನ ತುದಿಯಲ್ಲಿ ಇನ್ನೂ ಸ್ವಲ್ಪ ಕಪ್ಪು ಉಳಿದಿರಲಿ, ಅದು ಹಳೆಯ ಕೂದಲು. ಪಿನ್ನು ಬೇಡ, ಕೂದಲಿನಿಂದಲೇ ಗಂಟು ಹಾಕಿದ್ದು. ದಿನಕ್ಕೆ ಹತ್ತು ಸಲ ಬಿಚ್ಚಿ ಹೋಗುತ್ತದೆ, ಮತ್ತೆ ಕಟ್ಟಿಕೊಳ್ಳುತ್ತಾರೆ. ಮದ್ದು ಅರೆಯುವವಳು ತಾನೇ, ಗಂಟಿಗೆ ಒಂದು ತುಳಸಿ ಕುಡಿಯೋ ಕೇಪುಳ ಹೂವೋ ಸಿಕ್ಕಿಸು. ಮಲ್ಲಿಗೆ ಬೇಡ, ಅಂಗಳದಲ್ಲಿ ಕೈಗೆ ಸಿಕ್ಕಿದ್ದು ಸಾಕು.